ದೊರೆಯ ಅಂಕಿತವಿಲ್ಲದ ಶಾಸನ: ಭಾರತದ ಸಂವಿಧಾನ ಜಾರಿಗೆ ಬಂದ ಬಗೆ

ಕನ್ನಡದಲ್ಲಿ 'ಶಾಸನ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಲ್ಲಿನ ಮೇಲೋ ತಾಮ್ರಪಟದ ಮೇಲೋ ಕೊರೆದ ದತ್ತಿಯ ಬರಹವೂ ಶಾಸನ. ಶಾಸಕಾಂಗ ರೂಪಿಸಿದ ಕಾನೂನೂ ಶಾಸನ. ಹಳೆಯ ಶಾಸನವನ್ನು ಕೈಗೆತ್ತಿಕೊಂಡ ಸಂಶೋಧಕ ಮೊದಲು ಹುಡುಕುವುದು ಮೂರು ಸಂಗತಿಗಳನ್ನು: ಕೊಟ್ಟವರು ಯಾರು, ಕೊಟ್ಟ ದಿನ ಯಾವುದು, ಕೊನೆಯಲ್ಲಿ ಯಾರ ಒಪ್ಪವಿದೆ. ವಿಜಯನಗರದ ಅರಸರ ಎಷ್ಟೋ ತಾಮ್ರಶಾಸನಗಳಲ್ಲಿ ಬರಹವೆಲ್ಲ ಸಂಸ್ಕೃತದಲ್ಲಿದ್ದರೂ ಕೊನೆಯಲ್ಲಿ ಕನ್ನಡ ಅಕ್ಷರಗಳ 'ಶ್ರೀ ವಿರೂಪಾಕ್ಷ' ಎಂಬ ಒಪ್ಪ ಕಾಣುತ್ತದೆ. ಬರಹವನ್ನು ಆಜ್ಞೆಯಾಗಿಸುವುದು ಆ ಒಪ್ಪ. ಭಾರತದ ಸಂವಿಧಾನವನ್ನು ಕುರಿತು ಇದೇ ಮೂರು ಪ್ರಶ್ನೆಗಳನ್ನು ಕೇಳಿದರೆ ದೊರೆಯುವ ಉತ್ತರಗಳು ಮೇಲ್ನೋಟಕ್ಕೆ ತೋರುವಷ್ಟು ಸರಳವಲ್ಲ. ಅದರ ಪೀಠಿಕೆಯಲ್ಲಿ ಕೊಟ್ಟವರೂ ಪಡೆದವರೂ ಒಬ್ಬರೇ. ಅದು ಜಾರಿಗೆ ಬಂದ ದಿನ ಒಂದಲ್ಲ, ಎರಡು. ಅದರ ಕೊನೆಯಲ್ಲಿ ಇರಬೇಕಾಗಿತ್ತೆಂದು ಕೆಲವು ಕಾನೂನುಪಂಡಿತರು ವಾದಿಸಬಹುದಾದ ಒಂದು ಅಂಕಿತ ಇಲ್ಲವೇ ಇಲ್ಲ. ಆ ಇಲ್ಲದ ಅಂಕಿತದ ಮಹತ್ತ್ವ ಎಷ್ಟೆಂಬುದು ಐದು ವರ್ಷಗಳ ಅನಂತರ ನೆರೆಯ ದೇಶದಲ್ಲಿ ಪ್ರಕಟವಾಯಿತು.

ಸಂವಿಧಾನ ರಚನಾ ಸಭೆಯ ಹುಟ್ಟಿನಿಂದಲೇ ಈ ಕಥೆ ತೊಡಗುತ್ತದೆ. 1946ರಲ್ಲಿ ಭಾರತಕ್ಕೆ ಬಂದ ಬ್ರಿಟಿಷ್ ಸಚಿವ ನಿಯೋಗದ ಯೋಜನೆಯಂತೆ ಪ್ರಾಂತಗಳ ಶಾಸನಸಭೆಗಳು ಸದಸ್ಯರನ್ನು ಆರಿಸಿ ಕಳುಹಿಸಿದವು. ಆ ವರ್ಷದ ಡಿಸೆಂಬರ್ 9ರಂದು ಸಭೆ ದೆಹಲಿಯಲ್ಲಿ ಮೊದಲ ಬಾರಿಗೆ ಸೇರಿತು. ಆಗ ದೇಶ ಇನ್ನೂ ಸ್ವತಂತ್ರವಾಗಿರಲಿಲ್ಲ. ಹಾಗಿದ್ದರೂ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಮಂಡಿಸಿ, 1947ರ ಜನವರಿ 22ರಂದು ಸಭೆ ಅಂಗೀಕರಿಸಿದ ಧ್ಯೇಯ ನಿರ್ಣಯವು ಸಾರ್ವಭೌಮ ಭಾರತದ ಎಲ್ಲ ಅಧಿಕಾರವೂ ಜನರಿಂದಲೇ ಬಂದುದೆಂದು ಸಾರಿತು. ಸಭೆ ತನ್ನನ್ನು ತಾನು ಕಂಡುಕೊಂಡ ಬಗೆ ಇದು. ಲಂಡನ್ನಿನ ದೃಷ್ಟಿಯಲ್ಲಿ ಅದರ ಸ್ಥಾನ ಬೇರೆಯಾಗಿತ್ತು. 1947ರ ಜುಲೈ 18ರಂದು ರಾಜನ ಒಪ್ಪಿಗೆ ಪಡೆದ ಭಾರತ ಸ್ವಾತಂತ್ರ್ಯ ಅಧಿನಿಯಮವೇ ಸಭೆಗೆ ಕಾನೂನಿನ ಅಧಿಕಾರ ಕೊಟ್ಟಿತೆಂಬುದು ಅಲ್ಲಿಯ ತಿಳಿವಳಿಕೆ. ಆ ಅಧಿನಿಯಮದ 8ನೆಯ ಕಲಮಿನಂತೆ ಹೊಸ ಡೊಮಿನಿಯನ್ನಿನ ಶಾಸಕಾಂಗದ ಅಧಿಕಾರಗಳನ್ನು ಸಂವಿಧಾನ ರಚನಾ ಸಭೆಯೇ ಚಲಾಯಿಸಬಹುದಾಗಿತ್ತು. ಹೊಸ ಸಂವಿಧಾನ ಸಿದ್ಧವಾಗುವವರೆಗೆ 1935ರ ಭಾರತ ಸರ್ಕಾರ ಅಧಿನಿಯಮವನ್ನು ಅಗತ್ಯ ಮಾರ್ಪಾಡುಗಳೊಡನೆ ಅನುಸರಿಸಬೇಕಾಗಿತ್ತು.

ಇದೇ ಅಧಿನಿಯಮದ 6ನೆಯ ಕಲಮಿನಲ್ಲಿ ಎರಡು ಮಾತುಗಳಿದ್ದವು. ಡೊಮಿನಿಯನ್ನಿನ ಶಾಸಕಾಂಗವು ಬ್ರಿಟಿಷ್ ಪಾರ್ಲಿಮೆಂಟಿನ ಯಾವುದೇ ಕಾಯಿದೆಯನ್ನು, ಈ ಸ್ವಾತಂತ್ರ್ಯ ಅಧಿನಿಯಮವನ್ನೂ ಸೇರಿಸಿ, ರದ್ದುಮಾಡಬಲ್ಲದು ಎಂಬುದು ಒಂದು. ಆ ಶಾಸಕಾಂಗದ ಯಾವುದೇ ಕಾನೂನಿಗೆ ರಾಜನ ಹೆಸರಿನಲ್ಲಿ ಅಂಕಿತ ಹಾಕುವ ಪೂರ್ಣ ಅಧಿಕಾರ ಗವರ್ನರ್ ಜನರಲ್ಲರಿಗಿದೆ ಎಂಬುದು ಇನ್ನೊಂದು. ಎರಡನೆಯ ಮಾತಿನಲ್ಲಿ ಒಂದು ಸಂದಿಗ್ಧವಿತ್ತು. ಸಾಮಾನ್ಯ ಕಾನೂನು ಮಾಡುವಾಗ ಅಂಕಿತ ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಭೆ ಸಂವಿಧಾನವನ್ನೇ ರಚಿಸುವಾಗ ಅದು ಡೊಮಿನಿಯನ್ನಿನ ಶಾಸಕಾಂಗವಾಗಿ ವರ್ತಿಸುತ್ತದೆಯೋ, ಅದಕ್ಕಿಂತ ಮೇಲಿನ ಬೇರೊಂದು ಅಧಿಕಾರವಾಗಿಯೋ? ಮೊದಲನೆಯದಾದರೆ ಸಂವಿಧಾನಕ್ಕೂ ಅಂಕಿತ ಬೇಕು. ಎರಡನೆಯದಾದರೆ ಅಂಕಿತದ ಪ್ರಶ್ನೆಯೇ ಏಳುವುದಿಲ್ಲ.

ಭಾರತದ ಸಭೆ ಈ ಪ್ರಶ್ನೆಗೆ ತನ್ನ ನಡೆಯಿಂದಲೇ ಉತ್ತರ ಕೊಟ್ಟಿತು. ಕರಡು ಸಮಿತಿಯ ಅಧ್ಯಕ್ಷ ಡಾ. ಬಿ. ಆರ್. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಮಂಡಿಸಿದ ಕರಡಿನ ಮೇಲೆ ಒಂದು ವರ್ಷಕ್ಕೂ ಮಿಕ್ಕಿ ಚರ್ಚೆ ನಡೆಯಿತು. 1949ರ ನವೆಂಬರ್ 26ರಂದು ಸಭೆ ಅವರ ಅಂತಿಮ ಪ್ರಸ್ತಾವವನ್ನು ಅಂಗೀಕರಿಸಿತು. ಸಭೆಯ ಅಧ್ಯಕ್ಷ ಡಾ. ರಾಜೇಂದ್ರ ಪ್ರಸಾದರು ತಮ್ಮ ಸಹಿಯಿಂದ ಸಂವಿಧಾನವನ್ನು ಪ್ರಮಾಣೀಕರಿಸಿದರು. ಅಲ್ಲಿಗೆ ಕೆಲಸ ಮುಗಿಯಿತು. ಗವರ್ನರ್ ಜನರಲ್ಲರ ಮೇಜಿಗೆ ಅದು ಹೋಗಲಿಲ್ಲ. ಆಗ ಆ ಸ್ಥಾನದಲ್ಲಿದ್ದವರು ಯಾವ ಆಂಗ್ಲ ಪ್ರಭುವೂ ಅಲ್ಲ, ಸಿ. ರಾಜಗೋಪಾಲಾಚಾರಿಯವರು. ಕೇಳಿದ್ದರೆ ಅವರು ಸಹಿ ಹಾಕದೆ ಇರುತ್ತಿರಲಿಲ್ಲ. ಆದರೆ ಆ ಸಹಿ ಆರನೆಯ ಜಾರ್ಜ್ ದೊರೆಯ ಹೆಸರಿನಲ್ಲಿ ಬೀಳಬೇಕಾಗಿತ್ತು. ಜನರೇ ತಮಗೆ ತಾವು ಅರ್ಪಿಸಿಕೊಂಡ ದತ್ತಿಯ ಕೊನೆಯಲ್ಲಿ ದೊರೆಯ ಒಪ್ಪವಿದ್ದಿದ್ದರೆ, ಕೊಟ್ಟವರು ಯಾರೆಂಬ ಪ್ರಶ್ನೆಗೆ ಎರಡು ಉತ್ತರಗಳು ಉಳಿದುಬಿಡುತ್ತಿದ್ದವು.

ಪೀಠಿಕೆಯಲ್ಲಿ ಅಂಗೀಕರಿಸುವುದು, ಅಧಿನಿಯಮಿಸುವುದು, ಅರ್ಪಿಸಿಕೊಳ್ಳುವುದು ಎಂಬ ಮೂರು ಕ್ರಿಯೆಗಳೂ ನವೆಂಬರ್ 26ರ ತಾರೀಖನ್ನೇ ಹೊತ್ತಿವೆ. ಆದರೆ ಅಧಿನಿಯಮಿತವಾದದ್ದೆಲ್ಲ ಅಂದೇ ಜಾರಿಗೆ ಬರಲಿಲ್ಲ. ಈ ವ್ಯತ್ಯಾಸವನ್ನು ವಿವರಿಸುವುದು 394ನೆಯ ವಿಧಿ. ಅದರಂತೆ ಆ ವಿಧಿಯೂ ಸೇರಿ ಹದಿನಾರು ವಿಧಿಗಳು ಒಡನೆಯೇ ಜಾರಿಗೆ ಬಂದವು. ಉಳಿದವು 1950ರ ಜನವರಿ 26ಕ್ಕೆ ಕಾದವು. ಸಂವಿಧಾನದಲ್ಲಿ 'ಪ್ರಾರಂಭ' ಎಂದು ಕರೆದಿರುವುದು ಈ ಎರಡನೆಯ ದಿನವನ್ನು. ಮೊದಲೇ ಎಚ್ಚರಗೊಂಡ ಹದಿನಾರು ವಿಧಿಗಳ ಪಟ್ಟಿಯನ್ನು ನೋಡಿದರೆ ಅದರ ಹಿಂದಿನ ಯೋಚನೆ ತಿಳಿಯುತ್ತದೆ. 5ರಿಂದ 9ರವರೆಗಿನ ವಿಧಿಗಳು ಪೌರತ್ವಕ್ಕೆ ಸಂಬಂಧಿಸಿದವು. ದೇಶ ವಿಭಜನೆಯಿಂದ ಲಕ್ಷಾಂತರ ಜನ ನೆಲೆತಪ್ಪಿದ್ದ ಕಾಲದಲ್ಲಿ ಯಾರು ಈ ದೇಶದವರೆಂಬ ಪ್ರಶ್ನೆ ಕಾಯುವಂಥದಾಗಿರಲಿಲ್ಲ. 60ನೆಯದು ರಾಷ್ಟ್ರಪತಿಯ ಪ್ರಮಾಣವಚನದ್ದು, 324ನೆಯದು ಚುನಾವಣಾ ಆಯೋಗದ್ದು. 379 ಮತ್ತು 380ನೆಯವು ಚುನಾವಣೆ ನಡೆಯುವವರೆಗಿನ ತಾತ್ಕಾಲಿಕ ಸಂಸತ್ತು ಮತ್ತು ರಾಷ್ಟ್ರಪತಿಯ ವ್ಯವಸ್ಥೆಗೆ ಸಂಬಂಧಿಸಿದವು. ಪದಗಳ ಅರ್ಥ ಹೇಳುವ 366, ಅರ್ಥೈಸುವ ಕ್ರಮವನ್ನು ಹೇಳುವ 367, ತೊಡಕುಗಳನ್ನು ನಿವಾರಿಸುವ 392, ಹೆಸರನ್ನು ಹೇಳುವ 393 ಮುಂತಾದವು ಇವುಗಳ ಜೊತೆಗಿದ್ದವು. ಒಟ್ಟಿನಲ್ಲಿ ಹೊಸ ಮನೆಗೆ ಬರುವ ಮುನ್ನ ಬಾಗಿಲು, ಬೀಗ, ದೀಪಗಳ ಏರ್ಪಾಡು ಮಾಡಿಕೊಂಡಂತೆ.

ಈ ಏರ್ಪಾಡಿನಲ್ಲಿ ಒಂದು ವಿಚಿತ್ರ ಅಡಗಿದೆ. ರಾಷ್ಟ್ರಪತಿಯೇ ಇನ್ನೂ ಇಲ್ಲದ ಆ ಎರಡು ತಿಂಗಳ ಅವಧಿಯಲ್ಲಿ ಚುನಾವಣಾ ಆಯೋಗಕ್ಕೆ ಸಂಬಂಧಿಸಿದ ಮತ್ತು ತೊಡಕು ನಿವಾರಣೆಯ ಅಧಿಕಾರಗಳನ್ನು ಚಲಾಯಿಸುವವರು ಯಾರು? 392ನೆಯ ವಿಧಿಯ ಮೂರನೆಯ ಖಂಡ ಅದನ್ನು ಗವರ್ನರ್ ಜನರಲ್ಲರಿಗೆ ವಹಿಸಿತು. ಸಂವಿಧಾನ ತನಗೆ ಅಂಕಿತ ಹಾಕಲು ಕರೆಯದ ಅಧಿಕಾರಿಗೆ ತಾನೇ ಕೆಲಸ ಕೊಟ್ಟಿತು. ಅಂದಿನವರೆಗೆ ಬ್ರಿಟಿಷ್ ಕಾಯಿದೆಯಿಂದ ಅಧಿಕಾರ ಪಡೆದಿದ್ದ ಹುದ್ದೆ ಈಗ ಕೆಲಮಟ್ಟಿಗಾದರೂ ಭಾರತದ ಸಂವಿಧಾನದ ಅಧೀನಕ್ಕೆ ಬಂದಿತು. ಅಧಿಕಾರದ ಮೂಲ ಮೇಲುಕೆಳಗಾದ ಬಗೆಯನ್ನು ಈ ಒಂದು ಪುಟ್ಟ ಖಂಡದಲ್ಲಿಯೇ ಕಾಣಬಹುದು.

ಜನವರಿ 26ನ್ನು ಆರಿಸಿಕೊಂಡುದಕ್ಕೆ ಕಾನೂನಿನ ಕಾರಣವಿರಲಿಲ್ಲ. ಇದ್ದುದು ನೆನಪಿನ ಕಾರಣ. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯವೇ ಗುರಿಯೆಂದು ನಿರ್ಧರಿಸಿತು. 1930ರ ಜನವರಿ 26ರಂದು ದೇಶದಾದ್ಯಂತ ಜನ ಆ ಪ್ರತಿಜ್ಞೆಯನ್ನು ಸ್ವೀಕರಿಸಿದರು. ಅಧಿಕಾರ ಹಸ್ತಾಂತರದ ದಿನವನ್ನು ಆರಿಸಿದವರು ಲಾರ್ಡ್ ಮೌಂಟ್‌ಬ್ಯಾಟನ್. ಗಣರಾಜ್ಯದ ದಿನವನ್ನು ಆರಿಸಿಕೊಂಡವರು ಭಾರತೀಯರು.

ಆ ದಿನ ಜಾರಿಗೆ ಬಂದ ವಿಧಿಗಳ ಪೈಕಿ ಕಟ್ಟಕಡೆಯದು 395ನೆಯದು. ಅದು ಎರಡು ಕಾಯಿದೆಗಳನ್ನು ರದ್ದುಮಾಡಿತು: 1935ರ ಭಾರತ ಸರ್ಕಾರ ಅಧಿನಿಯಮ ಮತ್ತು 1947ರ ಭಾರತ ಸ್ವಾತಂತ್ರ್ಯ ಅಧಿನಿಯಮ. ಯಾವ ಕಾಯಿದೆಯಿಂದ ಸಭೆಗೆ ಅಧಿಕಾರ ಬಂತೆಂದು ಲಂಡನ್ ಹೇಳುತ್ತಿತ್ತೋ ಆ ಕಾಯಿದೆಯನ್ನೇ ಸಭೆ ಅಳಿಸಿಹಾಕಿತು. ಏರಿದ ಏಣಿಯನ್ನು ಒದೆಯಬಾರದೆಂಬುದು ಲೋಕದ ಬುದ್ಧಿವಾದ. ಇಲ್ಲಿ ಏಣಿಯನ್ನು ಒದೆದುದೇ ಉದ್ದೇಶಪೂರ್ವಕ. ನಿಂತ ನೆಲ ತಮ್ಮದೇ, ಏಣಿಯಿಂದ ಸಿಕ್ಕಿದ್ದಲ್ಲ ಎಂಬುದನ್ನು ತೋರಿಸುವ ಮಾರ್ಗ ಬೇರೊಂದಿರಲಿಲ್ಲ. ಶಾಸಕಾಂಗಕ್ಕೆ ರದ್ದುಮಾಡುವ ಅಧಿಕಾರವಿತ್ತಲ್ಲ ಎಂದು ಲಂಡನ್ನಿನ ಪಂಡಿತರು ಹೇಳಬಹುದು. ಆದರೆ ಆ ಅಧಿಕಾರವನ್ನು ಅಂಕಿತ ಪಡೆದ ಕಾನೂನಿನ ಮೂಲಕವೇ ಚಲಾಯಿಸಬೇಕೆಂಬ ವಾದವನ್ನು ಒಪ್ಪುವುದಾದರೆ ಸಭೆ ಆ ದಾರಿಯಲ್ಲಿ ನಡೆದಿಲ್ಲ. ರಾಜ್ಯಾಂಗಶಾಸ್ತ್ರದ ಬ್ರಿಟಿಷ್ ವಿದ್ವಾಂಸ ಕೆ. ಸಿ. ವೇರ್ ಅವರು ಸಂವಿಧಾನವೊಂದು ತನ್ನ ನೆಲದಲ್ಲಿಯೇ ಬೇರೂರಿರುವ ಗುಣವನ್ನು ಕುರಿತು ವಿವೇಚಿಸಿದ್ದಾರೆ. ಭಾರತದ ಈ ಎರಡು ನಡೆಗಳು, ಅಂಕಿತವನ್ನು ಬಯಸದಿದ್ದುದು ಮತ್ತು ಮೂಲ ಕಾಯಿದೆಯನ್ನು ರದ್ದುಮಾಡಿದ್ದು, ಆ ಚರ್ಚೆಯಲ್ಲಿ ಮುಖ್ಯವಾಗುತ್ತವೆ.

ಇಷ್ಟೊಂದು ದೊಡ್ಡ ಬಿರುಕು ಜನಜೀವನದಲ್ಲಿ ಬಿರುಕಾಗಿ ಕಾಣಲಿಲ್ಲ. ಕಾರಣ 372ನೆಯ ವಿಧಿ. ಬದಲಾಯಿಸುವವರೆಗೆ ಅಥವಾ ರದ್ದುಮಾಡುವವರೆಗೆ ಹಳೆಯ ಕಾನೂನುಗಳೆಲ್ಲ ಮುಂದುವರಿಯುತ್ತವೆ ಎಂದು ಅದು ಹೇಳಿತು. 1860ರ ದಂಡಸಂಹಿತೆ, 1872ರ ಕರಾರು ಕಾಯಿದೆ, ಕೋರ್ಟುಗಳು, ಕಚೇರಿಗಳು ಹಾಗೆಯೇ ಉಳಿದವು. ಜನವರಿ 25ರಂದು ನಡೆಯುತ್ತಿದ್ದ ವ್ಯಾಜ್ಯ 27ರಂದೂ ನಡೆಯಿತು. ಆದರೆ ಅದರ ಹಿಂದಿನ ಆಧಾರ ಬದಲಾಗಿತ್ತು. ಹಳೆಯ ಕಾನೂನು ಇನ್ನು ಜೀವಂತವಾಗಿರುವುದು ಹೊಸ ಸಂವಿಧಾನ ಉಳಿಸಿಕೊಂಡಿರುವುದರಿಂದ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದಷ್ಟು ಮಟ್ಟಿಗೆ ಅದು 13ನೆಯ ವಿಧಿಯಂತೆ ಅಸಿಂಧು.

ಕಾನೂನಿನ ಮೂಲ ಲಂಡನ್ನಿನ ಕಾಯಿದೆಯಲ್ಲ ಎಂಬ ವಾದಕ್ಕೆ ದೇಶೀ ಸಂಸ್ಥಾನಗಳ ಸಂಗತಿ ಇನ್ನೊಂದು ಬಗೆಯ ಸಾಕ್ಷಿ. ಸ್ವಾತಂತ್ರ್ಯ ಅಧಿನಿಯಮದ 7ನೆಯ ಕಲಮಿನಂತೆ ಸಂಸ್ಥಾನಗಳ ಮೇಲಿನ ಬ್ರಿಟಿಷ್ ಪರಮಾಧಿಕಾರ ಕೊನೆಗೊಂಡಿತ್ತು. 1947ರಲ್ಲಿ ಸಂಸ್ಥಾನಗಳು ಸಹಿ ಹಾಕಿದ ಸೇರ್ಪಡೆಯ ಪತ್ರಗಳು ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರು ವಿಷಯಗಳಿಗೆ ಸೀಮಿತವಾಗಿದ್ದವು. ಹಾಗಾಗಿ ಪೂರ್ಣ ಸಂವಿಧಾನ ಅವುಗಳಿಗೆ ಅನ್ವಯಿಸಲು ಅಲ್ಲಿಂದಲೇ ಒಪ್ಪಿಗೆ ಬರಬೇಕಾಗಿತ್ತು. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು 1949ರ ನವೆಂಬರ್ 25ರಂದು, ಎಂದರೆ ದೆಹಲಿಯ ಅಂಗೀಕಾರಕ್ಕೆ ಒಂದು ದಿನ ಮೊದಲು, ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗುವುದೆಂದು ಘೋಷಣೆ ಹೊರಡಿಸಿದರು. ಹೈದರಾಬಾದಿನ ನಿಜಾಮರ ಫರ್ಮಾನು ಅದಕ್ಕೆ ಎರಡು ದಿನ ಮೊದಲು, ನವೆಂಬರ್ 23ರಂದು ಹೊರಟಿತ್ತು. ದೊರೆಯ ಅಂಕಿತವಿಲ್ಲದೆ ಸಿದ್ಧವಾದ ಸಂವಿಧಾನಕ್ಕೆ ಈ ಸಂಸ್ಥಾನಗಳಲ್ಲಿ ದೊರೆಗಳ ಅಂಕಿತವೇ ದಾರಿ ತೆರೆದದ್ದು ಇತಿಹಾಸದ ಒಂದು ವೈಚಿತ್ರ್ಯ. ಅದು ಆ ದೊರೆಗಳು ಅರಸರಾಗಿ ಹಾಕಿದ ಕೊನೆಯ ಮಹತ್ತ್ವದ ಒಪ್ಪಗಳಲ್ಲಿ ಒಂದು. ಜನವರಿ 26ರಿಂದ ಇಬ್ಬರೂ ಸಂವಿಧಾನದ ಅಡಿಯ ರಾಜಪ್ರಮುಖರಾದರು.

ಕನ್ನಡಿಗರ ಮಟ್ಟಿಗಂತೂ ಒಂದೇ ಸಂವಿಧಾನದ ಮನೆಗೆ ಬೇರೆಬೇರೆ ಬಾಗಿಲುಗಳಿಂದ ಪ್ರವೇಶವಾಯಿತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡದವರು ಮುಂಬಯಿ ಪ್ರಾಂತದ ಮೂಲಕ, ದಕ್ಷಿಣ ಕನ್ನಡ ಮತ್ತು ಬಳ್ಳಾರಿಯವರು ಮದರಾಸು ಪ್ರಾಂತದ ಮೂಲಕ 'ಎ' ಭಾಗದ ರಾಜ್ಯಗಳ ಪ್ರಜೆಗಳಾದರು. ಹಳೆಯ ಮೈಸೂರಿನವರೂ, ಬೀದರ, ಗುಲ್ಬರ್ಗ, ರಾಯಚೂರಿನವರೂ 'ಬಿ' ಭಾಗದವರು. ಕೊಡಗು 'ಸಿ' ಭಾಗದ ರಾಜ್ಯ. ಇವರೆಲ್ಲರೂ ಒಂದು ರಾಜ್ಯದ ಸೂರಿನಡಿ ಬಂದುದು 1956ರ ನವೆಂಬರ್ 1ರಂದು. ಆದರೆ ಅದಕ್ಕೆ ಆರು ವರ್ಷ ಮೊದಲೇ ಇವರೆಲ್ಲರ ಹಕ್ಕುಗಳಿಗೆ ಒಂದೇ ಗ್ರಂಥ ಆಧಾರವಾಗಿತ್ತು.

1950ರ ಜನವರಿ 24ರಂದು ರಚನಾ ಸಭೆ ಕೊನೆಯ ಬಾರಿಗೆ ಸೇರಿತು. ರಾಜೇಂದ್ರ ಪ್ರಸಾದರು ಅವಿರೋಧವಾಗಿ ರಾಷ್ಟ್ರಪತಿಯಾಗಿ ಆಯ್ಕೆಯಾದರು. ಸದಸ್ಯರು ಸಂವಿಧಾನದ ಪ್ರತಿಗಳಿಗೆ ಸಹಿ ಹಾಕಿದರು. ಜನವರಿ 26ರ ಬೆಳಿಗ್ಗೆ ದೆಹಲಿಯ ಸರ್ಕಾರಿ ಭವನದ ದರ್ಬಾರ್ ಸಭಾಂಗಣದಲ್ಲಿ ರಾಜಗೋಪಾಲಾಚಾರಿಯವರು ಗಣರಾಜ್ಯದ ಘೋಷಣೆಯನ್ನು ಓದಿದರು. ಕೆಲವೇ ನಿಮಿಷಗಳಲ್ಲಿ ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕನಿಯಾ ಅವರು ಹೊಸ ರಾಷ್ಟ್ರಪತಿಗೆ ಪ್ರಮಾಣವಚನ ಬೋಧಿಸಿದರು. ಫೆಡರಲ್ ನ್ಯಾಯಾಲಯದ ನ್ಯಾಯಾಧೀಶರು 374ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಲಂಡನ್ನಿನ ಪ್ರಿವಿ ಕೌನ್ಸಿಲ್ಲಿಗೆ ಮೇಲ್ಮನವಿ ಹೋಗುವ ಪದ್ಧತಿಯನ್ನು ಸಭೆ 1949ರ ಅಕ್ಟೋಬರಿನಲ್ಲಿಯೇ ಕೊನೆಗಾಣಿಸಿತ್ತು. ಆ ಕಾಯಿದೆಯನ್ನು ಮಾತ್ರ 395ನೆಯ ವಿಧಿ ಹೆಸರೆತ್ತಿ ಉಳಿಸಿಕೊಂಡಿತು. ಅದನ್ನೂ ರದ್ದುಮಾಡಿದ್ದರೆ ಮುಚ್ಚಿದ ಬಾಗಿಲು ಮತ್ತೆ ತೆರೆಯಿತೇ ಎಂಬ ವಾದಕ್ಕೆ ಎಡೆಯಾಗುತ್ತಿತ್ತು.

ತಾರೀಖಿನ ಗೆರೆ ಎಷ್ಟು ಕಟ್ಟುನಿಟ್ಟಾದುದೆಂಬುದನ್ನು ಒಂದು ಮೊಕದ್ದಮೆ ತೋರಿಸಿತು. ಮುಂಬಯಿಯಲ್ಲಿ 1949ರಲ್ಲಿ ಪ್ರಕಟವಾದ ಒಂದು ಕಿರುಹೊತ್ತಗೆಗಾಗಿ, 1931ರ ಮುದ್ರಣಾಲಯ ತುರ್ತು ಅಧಿಕಾರ ಕಾಯಿದೆಯಡಿ ಕೇಶವನ್ ಮಾಧವ ಮೆನನ್ ಅವರ ಮೇಲೆ ದಾವೆ ಹೂಡಲಾಗಿತ್ತು. ವಿಚಾರಣೆ ಮುಗಿಯುವ ಮುನ್ನವೇ ಸಂವಿಧಾನ ಜಾರಿಗೆ ಬಂತು. ಅಭಿಪ್ರಾಯ ಸ್ವಾತಂತ್ರ್ಯಕ್ಕೆ ವಿರುದ್ಧವಾದ ಆ ಕಾಯಿದೆ ಇನ್ನು ಅಸಿಂಧುವಾದುದರಿಂದ ತಮ್ಮ ಮೇಲಿನ ದಾವೆಯೂ ನಿಲ್ಲಬೇಕೆಂಬುದು ಅವರ ವಾದ. 1951ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತ ಅದನ್ನು ಒಪ್ಪಲಿಲ್ಲ. ಮೂಲಭೂತ ಹಕ್ಕುಗಳು ಹುಟ್ಟಿದ್ದೇ 1950ರ ಜನವರಿ 26ರಂದು; ಅದಕ್ಕೆ ಹಿಂದೆ ನಡೆದ ಕೃತ್ಯಕ್ಕೆ ಅವು ಹಿಂಬಾಲಿಸಿ ಹೋಗುವುದಿಲ್ಲ ಎಂಬುದು ತೀರ್ಪು. ನ್ಯಾಯಮೂರ್ತಿ ಫಜಲ್ ಅಲಿಯವರು ಭಿನ್ನಮತ ದಾಖಲಿಸಿದರು. ಸಂವಿಧಾನ ನವೆಂಬರಿನಲ್ಲಿಯೇ ಅಂಗೀಕೃತವಾಗಿದ್ದರೂ ಹಕ್ಕುಗಳ ಅಧ್ಯಾಯ ಆ ಹದಿನಾರು ವಿಧಿಗಳ ಪಟ್ಟಿಯಲ್ಲಿರಲಿಲ್ಲ. ಆ ಒಂದು ತಾರೀಖು ಒಬ್ಬ ವ್ಯಕ್ತಿಯ ಪಾಲಿಗೆ ಬಿಡುಗಡೆಗೂ ವಿಚಾರಣೆಗೂ ನಡುವಿನ ಅಂತರವಾಯಿತು.

ಅಂಕಿತದ ಪ್ರಶ್ನೆಯ ತೂಕವನ್ನು ಪಾಕಿಸ್ತಾನದ ಇತಿಹಾಸ ತಿಳಿಸುತ್ತದೆ. ಅಲ್ಲಿಯ ರಚನಾ ಸಭೆಯೂ ಅದೇ 1947ರ ಕಾಯಿದೆಯಿಂದ ಅಧಿಕಾರ ಪಡೆದದ್ದು. ಸಂವಿಧಾನಾತ್ಮಕ ಕಾನೂನುಗಳಿಗೆ ಸಭಾಧ್ಯಕ್ಷರ ಸಹಿ ಸಾಕೆಂದು ಅದೂ ತನ್ನ ನಿಯಮಗಳಲ್ಲಿ ಬರೆದುಕೊಂಡಿತ್ತು. ಆದರೆ ಏಳು ವರ್ಷ ಕಳೆದರೂ ಅದು ಸಂವಿಧಾನವನ್ನು ಪೂರೈಸಲಿಲ್ಲ. 1954ರ ಅಕ್ಟೋಬರ್ 24ರಂದು ಗವರ್ನರ್ ಜನರಲ್ ಗುಲಾಮ್ ಮುಹಮ್ಮದ್ ಸಭೆಯನ್ನೇ ವಿಸರ್ಜಿಸಿದರು. ಸಭಾಧ್ಯಕ್ಷ ಮೌಲ್ವಿ ತಮೀಜುದ್ದೀನ್ ಖಾನ್ ನ್ಯಾಯಾಲಯಕ್ಕೆ ಹೋದರು. ಸಿಂಧ್ ಮುಖ್ಯ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. 1955ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಮುಹಮ್ಮದ್ ಮುನೀರ್ ಅವರ ನೇತೃತ್ವದ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅದರ ತರ್ಕ ಇಷ್ಟು: 6ನೆಯ ಕಲಮಿನಂತೆ ರಚನಾ ಸಭೆಯ ಕಾನೂನುಗಳಿಗೂ ಗವರ್ನರ್ ಜನರಲ್ಲರ ಅಂಕಿತ ಬೇಕು; ಇಂಥ ಅರ್ಜಿಗಳನ್ನು ವಿಚಾರಿಸುವ ಅಧಿಕಾರವನ್ನು ಕೋರ್ಟುಗಳಿಗೆ ಕೊಟ್ಟ ಕಾನೂನಿಗೆ ಆ ಅಂಕಿತವಿಲ್ಲ; ಆದ್ದರಿಂದ ಸಿಂಧ್ ನ್ಯಾಯಾಲಯಕ್ಕೆ ಅಧಿಕಾರವೇ ಇರಲಿಲ್ಲ. ಸಭೆಯನ್ನು ವಿಸರ್ಜಿಸಿದ್ದು ಸರಿಯೋ ಎಂಬ ಮುಖ್ಯ ಪ್ರಶ್ನೆಯನ್ನು ಆ ಹಂತದಲ್ಲಿ ಮುಟ್ಟದೆಯೇ ಮೊಕದ್ದಮೆ ಮುಗಿಯಿತು. ನ್ಯಾಯಮೂರ್ತಿ ಎ. ಆರ್. ಕಾರ್ನೀಲಿಯಸ್ ಒಬ್ಬರೇ ಒಪ್ಪಲಿಲ್ಲ. ಸಭೆ ಸಾರ್ವಭೌಮವಾದುದು, ಅದಕ್ಕೆ ಮೇಲಿನ ಅಂಕಿತ ಬೇಕಿಲ್ಲ ಎಂಬುದು ಅವರ ನಿಲುವು. ಈ ತೀರ್ಪಿನಿಂದ ಅಂಕಿತವಿಲ್ಲದ ಹಲವು ಕಾನೂನುಗಳ ಸಿಂಧುತ್ವ ಒಮ್ಮೆಗೇ ಅಲುಗಾಡಿತು. ಆ ಕುಸಿತವನ್ನು ತಡೆಯಲು ಅದೇ ನ್ಯಾಯಾಲಯ ಅನಿವಾರ್ಯತೆಯ ಸಿದ್ಧಾಂತದ ಮೊರೆ ಹೋಗಬೇಕಾಯಿತು. 1956ರ ಮಾರ್ಚ್ 23ರಂದು ಜಾರಿಗೆ ಬಂದ ಸಂವಿಧಾನ 1958ರ ಅಕ್ಟೋಬರಿನಲ್ಲಿ ರದ್ದಾಯಿತು.

ಪಾಕಿಸ್ತಾನದ ವಿಪತ್ತಿಗೆಲ್ಲ ಅಂಕಿತವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಅಲ್ಲಿಯ ರಾಜಕೀಯ, ಸೇನೆ, ಅಧಿಕಾರಿವರ್ಗ ಇವುಗಳ ಪಾತ್ರ ದೊಡ್ಡದು. ಆದರೆ ಒಂದೇ ಕಾಯಿದೆಯ ಒಂದೇ ಮಾತು ಒಂದು ದೇಶದಲ್ಲಿ ಸಭೆಯನ್ನು ಕೆಡವುವ ಆಯುಧವಾಯಿತು, ಇನ್ನೊಂದರಲ್ಲಿ ಆಗಲಿಲ್ಲ ಎಂಬುದು ಸತ್ಯ. ಭಾರತದಲ್ಲಿ ಆ ಪ್ರಶ್ನೆಯನ್ನು ಎತ್ತುವ ಕಾಲ ಬರುವ ಮೊದಲೇ ಸಂವಿಧಾನ ಪೂರ್ಣಗೊಂಡಿತ್ತು, ಮೂಲ ಕಾಯಿದೆ ರದ್ದಾಗಿತ್ತು, ಗವರ್ನರ್ ಜನರಲ್ ಎಂಬ ಹುದ್ದೆಯೇ ಇರಲಿಲ್ಲ. ಉತ್ತರ ಹೇಳಬೇಕಾದ ನ್ಯಾಯಾಧೀಶರೂ ಈ ಸಂವಿಧಾನದ ಮೇಲೆಯೇ ಪ್ರಮಾಣ ಸ್ವೀಕರಿಸಿದವರು. ಅದು ಸಿಂಧುವಲ್ಲವೆಂದರೆ ಅವರ ಪೀಠವೂ ಸಿಂಧುವಲ್ಲ.

ಜನರ ಹೆಸರಿನ ಒಪ್ಪ ಎಷ್ಟು ನಿಜ ಎಂಬ ಪ್ರಶ್ನೆ ಇನ್ನೂ ಉಳಿಯುತ್ತದೆ. ರಚನಾ ಸಭೆಯನ್ನು ಆರಿಸಿದ ಪ್ರಾಂತೀಯ ಶಾಸಕರು ಸೀಮಿತ ಮತಾಧಿಕಾರದಿಂದ ಬಂದವರು. ದಾಮೋದರ ಸ್ವರೂಪ ಸೇಠ್ ಅವರು ಸಭೆಯಲ್ಲಿಯೇ ಈ ಕೊರತೆಯನ್ನು ಎತ್ತಿ ತೋರಿದ್ದರು. ಸಂವಿಧಾನವನ್ನು 1937ರಲ್ಲಿ ಐರ್ಲೆಂಡ್ ಮಾಡಿದಂತೆ ಜನಮತಗಣನೆಗೂ ಒಪ್ಪಿಸಲಿಲ್ಲ. ಮೈಸೂರಿನ ಪ್ರತಿನಿಧಿ ಕೆ. ಹನುಮಂತಯ್ಯನವರ ದೂರು ಬೇರೆ ಬಗೆಯದು: ವೀಣೆಯ ನಾದವನ್ನು ಬಯಸಿದವರಿಗೆ ಇಂಗ್ಲಿಷ್ ಬ್ಯಾಂಡಿನ ಸದ್ದು ಕೇಳಿಸಿತು ಎಂಬ ಅರ್ಥದ ಮಾತನ್ನು ಅವರು ಆಡಿದರು. 1935ರ ಅಧಿನಿಯಮದಿಂದ ಬಂದ ಭಾಗಗಳನ್ನು ನೋಡಿದರೆ ಆ ದೂರಿನಲ್ಲಿ ಹುರುಳಿದೆ. ಆದರೆ ಅಡಕವಾದ ವಿಷಯ ಎಲ್ಲಿಂದ ಬಂತೆಂಬುದು ಒಂದು ಪ್ರಶ್ನೆ, ಆಜ್ಞೆಯ ಬಲ ಎಲ್ಲಿಂದ ಬಂತೆಂಬುದು ಇನ್ನೊಂದು. ಸಂಸ್ಕೃತದಲ್ಲಿ ಬರೆದ ತಾಮ್ರಪಟಕ್ಕೆ ಕನ್ನಡ ಅಕ್ಷರದ ಒಪ್ಪ ಬೀಳುತ್ತಿದ್ದಂತೆಯೇ ಇದು. ನುಡಿಯ ಎರವಲಿನಿಂದ ಒಪ್ಪದ ಒಡೆತನ ಕಳೆದುಹೋಗುವುದಿಲ್ಲ.

ಪ್ರಾತಿನಿಧ್ಯದ ಕೊರತೆಗೆ ಉತ್ತರ ಬಂದುದು 1951–52ರ ಮೊದಲ ಮಹಾಚುನಾವಣೆಯಲ್ಲಿ. ವಯಸ್ಕರೆಲ್ಲರಿಗೂ ಮತಾಧಿಕಾರವಿದ್ದ ಆ ಚುನಾವಣೆಯ ಮತದಾರರ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಹೆಸರುಗಳಿದ್ದವು. ಅದನ್ನು ನಡೆಸಿದ ಆಯೋಗವನ್ನು ಸೃಷ್ಟಿಸಿದ 324ನೆಯ ವಿಧಿ 1949ರ ನವೆಂಬರ್ 26ರಂದೇ ಜಾರಿಗೆ ಬಂದ ಹದಿನಾರರಲ್ಲಿ ಒಂದು. ಜನರ ಹೆಸರಿನಲ್ಲಿ ಹಾಕಿದ ಒಪ್ಪವನ್ನು ಮುಂದೆ ಜನರೇ ತಮ್ಮದೆಂದು ಒಪ್ಪಿಕೊಳ್ಳಲು ಬೇಕಾದ ವ್ಯವಸ್ಥೆ ಮೊದಲ ದಿನವೇ ಸಿದ್ಧವಾಗಿತ್ತು.